ಪಟ್ಟಿಯಲ್ಲಿ ಏಳನೆಯವಳು

ಮಂಗಳವಾರ, ಊಟ ಮುಗಿಸಿ ಕೂತ ಹೊತ್ತು

ನನ್ನ ಕಾಜಮ್ಮನಿಗೆ ಕತ್ತರಿಯ ನಮಸ್ಕಾರ.

ಹರಿದು ಹಾಕುವ ಮೊದಲು ಇಷ್ಟು ಓದು, ಆಮೇಲೆ ನಿನ್ನಿಷ್ಟ. ಆಸ್ಪತ್ರೆಯವರು ನಮ್ಮ ಹೊಲಿಗೆ ಕೋಣೆಯನ್ನು ಖಾಲಿ ಮಾಡುತ್ತಿದ್ದಾರೆ. ಯಾರು ಯಾವ ಯಂತ್ರದ ಮುಂದೆ ಕೂತು ಸವೆದರೋ ಆ ಯಂತ್ರ ಅವರಿಗೇ ಎಂದು ದೊಡ್ಡ ಮನಸ್ಸು ಮಾಡಿದ್ದಾರೆ. ಆದರೆ ಬರುವ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅವರವರೇ ಬಂದು ಸಹಿ ಹಾಕಬೇಕು. ಸಹಿ ಬೀಳದ ಯಂತ್ರಗಳು ಮಧ್ಯಾಹ್ನ ಗುಜರಿ ಲಾರಿ ಹತ್ತುತ್ತವೆ. ಕಿಟಕಿ ಪಕ್ಕದ ನಿನ್ನ ಕರಿ ಯಂತ್ರ, ಇಪ್ಪತ್ತೆಂಟು ವರ್ಷ ಅದರಲ್ಲಿ ನೀನು ಕಾಜ ಹಾಕಿದೆ, ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಬರುವವರ ಪಟ್ಟಿಯಲ್ಲಿ ಅದರ ಮುಂದಿನ ಗೆರೆ ಇನ್ನೂ ಖಾಲಿ ಇದೆ.

ಇನ್ನು ಹರಿಯುವುದಾದರೆ ಹರಿ. ಹರಿಯುವುದಿಲ್ಲ ಎಂದು ಗೊತ್ತು. ಗೇಣುದ್ದದ ನೂಲನ್ನೂ ಸುತ್ತಿ ಇಟ್ಟುಕೊಳ್ಳುವವಳು ನೀನು.

ಹನ್ನೊಂದು ತಿಂಗಳಿಂದ ನೀನು ನಮ್ಮ ತಿಂಗಳ ಕೂಟಕ್ಕೆ ಬಂದಿಲ್ಲ. ಕರೆಯಲಿಲ್ಲ ಎಂದು ನಿನ್ನ ಸಿಟ್ಟು. ಕರೆದರೂ ಬರಲಿಲ್ಲ ಎಂದು ನನ್ನ ಸಿಟ್ಟು. ಇಬ್ಬರ ಸಿಟ್ಟೂ ಸರಿಯಾಗಿಯೇ ಇತ್ತು, ನಡುವೆ ಕೈಕೊಟ್ಟದ್ದು ಬೇರೆ. ಅದನ್ನು ಹಿಡಿದಿದ್ದೇನೆ. ಊರಿನ ಜಾಣರೆಲ್ಲ ಕೈಚೆಲ್ಲಿದ ಮೇಲೆ ನಾಲ್ಕನೇ ತರಗತಿ ಓದಿದ ನಾನು ಹಿಡಿದಿದ್ದೇನೆ. ಸ್ವಲ್ಪ ಜಂಭ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೋ.

ನಿವೃತ್ತರಾದ ಮೂವತ್ತೊಂದು ಹೆಂಗಸರಿಗೆ ಸುದ್ದಿ ಮುಟ್ಟಿಸುವ ಕೆಲಸ ನನ್ನ ಕೊರಳಿಗೆ ಕಟ್ಟಿದವಳು ನೀನೇ ಎಂದು ನೆನಪಿದೆಯಾ? 'ಇವಳ ಬಾಯಿ ಹೇಗೂ ಸುಮ್ಮನಿರಲ್ಲ, ಕೈಗೂ ಒಂದು ಕೆಲಸ ಕೊಡಿ' ಅಂದಿದ್ದೆ. ಸೊಸೆ ತನ್ನ ಹಳೇ ಕಂಪ್ಯೂಟರನ್ನು ಊಟದ ಮೇಜಿನ ಮೂಲೆಗೆ ಇಟ್ಟುಕೊಟ್ಟಳು. ಅದರೊಳಗೊಂದು ವಿಳಾಸ ಪುಸ್ತಕ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು. ಬೇಕಾದ ಕಾರ್ಡುಗಳನ್ನು ಆರಿಸಿ ಒಂದು ಗುಂಪು ಕಟ್ಟಿ, ಅದಕ್ಕೆ 'ಹೊಲಿಗೆ ಕೋಣೆ' ಎಂದು ಹೆಸರಿಟ್ಟೆ. ಮೇಲ್ ಬರೆದು ಆ ಗುಂಪಿನ ಹೆಸರು ಹಾಕಿ ಒತ್ತಿದರೆ ಮೂವತ್ತೊಂದು ಮನೆಗೂ ಒಂದೇ ಸಲ ಹೋಗುತ್ತದೆ. ಹೋಗಬೇಕು.

ಕಳೆದ ಬುಧವಾರ ಇಸ್ತ್ರಿ ಅಕ್ಕ ಬಂದಳು. ಬಾಗಿಲು ತಟ್ಟಿ ಬಂದಳು ಎಂದು ತಿಳಿಯಬೇಡ, ಮೆಟ್ಟಿಲ ಕೆಳಗಿನಿಂದಲೇ ಬಯ್ಯುತ್ತ ಬಂದಳು. 'ಯಂತ್ರ ಕೊಡ್ತಿರೋ ಸುದ್ದಿ ನನಗೆ ಬ್ರೆಡ್ಡಿನ ಅಂಗಡೀಲಿ ಗೊತ್ತಾಗಬೇಕೇನೇ? ನಾನೇನು ಸತ್ತುಹೋಗಿದ್ದೀನಾ?' ಅಂದಳು. 'ಸತ್ತಿದ್ದರೆ ಇಷ್ಟು ಸದ್ದು ಇರ್ತಿರಲಿಲ್ಲ. ಕಳಿಸಿದ್ದೀನಿ, ಬಂದು ನೋಡು' ಎಂದು ಅವಳ ತೋಳು ಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿದೆ. ಗುಂಪು ತೆರೆದೆ. ಹತ್ತೊಂಬತ್ತನೇ ಸಾಲಿನಲ್ಲಿ ಅವಳ ಹೆಸರು ಕಲ್ಲಿನ ಹಾಗೆ ಕೂತಿತ್ತು. ಅವಳು ಕನ್ನಡಕ ಏರಿಸಿ ನೋಡಿದಳು, ಇಳಿಸಿ ನೋಡಿದಳು. ಆಮೇಲೆ ತಣ್ಣಗೆ ಹೇಳಿದಳು: 'ನನಗೊಬ್ಬಳಿಗೇ ಅಲ್ಲ ಕಣೇ. ಕಾಜಮ್ಮನಿಗೂ ವರ್ಷದಿಂದ ಒಂದೂ ಬಂದಿಲ್ಲವಂತೆ. ಕಣ್ಣೆದುರೇ ಹೊಸ ವಿಳಾಸ ಬರ್ಕೊಂಡು, ಆಮೇಲೆ ಪಟ್ಟಿಯಿಂದಲೇ ಕಿತ್ತು ಹಾಕಿದಳು ಅಂತ ಮಗಳ ಹತ್ರ ಹೇಳ್ಕೊಂಡು ಅತ್ತಳಂತೆ.'

ನೀನು ಅತ್ತದ್ದು ಸುಳ್ಳಿರಬೇಕು. ಇಸ್ತ್ರಿ ಅಕ್ಕ ಯಾವುದನ್ನೂ ನಾಲ್ಕು ಮಡಿಕೆ ಹಾಕದೆ ಕೈಗೆ ಕೊಟ್ಟವಳಲ್ಲ. ಆದರೂ ಚಹಾ ಲೋಟ ಕೆಳಗಿಟ್ಟೆ. ಪಟ್ಟಿಯನ್ನು ಮತ್ತೆ ಮೇಲಿನಿಂದ ನೋಡಿದೆ. ಏಳನೇ ಸಾಲಿನಲ್ಲಿ ನೀನಿದ್ದೆ. ಒಂದು ದಿನವೂ ನೀನು ಅಲ್ಲಿಂದ ಕದಲಿರಲಿಲ್ಲ.

ಆಮೇಲೆ ಶುರುವಾಯಿತು ಪಂಡಿತರ ಮೆರವಣಿಗೆ. ಮಗ ನಿಂತಲ್ಲೇ ತೀರ್ಪು ಕೊಟ್ಟ. 'ಹಳೇ ಡಬ್ಬ ಅಮ್ಮ, ಬಿಸಾಕು' ಅಂದ. 'ನನಗೂ ಎಪ್ಪತ್ತಮೂರಾಯಿತು, ಮೊದಲು ಯಾರನ್ನ ಬಿಸಾಕ್ತೀಯ ಹೇಳು' ಅಂದೆ. ನೇರ ಕೆಲಸಕ್ಕೆ ಹೋದ. ರಿಪೇರಿಯವನನ್ನು ಕರೆಸಿದೆ. ಅವನು ನಿನ್ನ ಕಾರ್ಡು ತೆಗೆದು ವಿಳಾಸ ನೋಡಿದ, ಸರಿ ಇತ್ತು. ಗುಂಪಿನಲ್ಲಿ ಹೆಸರು ನೋಡಿದ, ಇತ್ತು. ಸ್ಕ್ರೂಡ್ರೈವರಿನಲ್ಲಿ ಡಬ್ಬಕ್ಕೆ ಎರಡು ತಟ್ಟಿ, 'ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕು ಅಜ್ಜಿ' ಅಂದ. 'ಒಂದು ಗುಂಡಿ ಕಿತ್ತುಹೋದರೆ ನಿಮ್ಮನೇಲಿ ಅಂಗಿ ಸುಡ್ತಾರೇನಪ್ಪ?' ಎಂದು ಕೇಳಿದೆ. ಚೀಲ ಎತ್ತಿಕೊಂಡ. ಉಳಿದವಳು ಸೊಸೆ. ಒಳ್ಳೆಯವಳು, ಹಲ್ಲಿನ ಡಾಕ್ಟರ ಹತ್ತಿರ ಇಡೀ ದಿನ ಬೇರೆಯವರ ಬಾಯಿ ನೋಡಿ ಬರುವುದರಿಂದ ಮನೆಗೆ ಬಂದಮೇಲೆ ನನ್ನ ಬಾಯಿ ಸಹಿಸುವ ಶಕ್ತಿ ಅವಳಿಗೆ ಇರುವುದಿಲ್ಲ. 'ಅತ್ತೆ, ನೀವೇ ಏನೋ ಒತ್ತಿರ್ತೀರಿ' ಅಂದಳು. 'ಒತ್ತದೆ ನಡೆಯೋ ಹಾಗಿದ್ದರೆ ನಾನ್ಯಾಕಮ್ಮ ಒತ್ತಲಿ' ಅಂದೆ.

ಆಯಿತು, ನಾನೇ ಕೂತೆ. ದೊಡ್ಡ ಬಟ್ಟೆಯಲ್ಲಿ ಸುಕ್ಕು ಎಲ್ಲಿಂದ ಶುರುವಾಯಿತು ಎಂದು ತಿಳಿಯಬೇಕಾದರೆ ತುದಿಯಿಂದ ಬೆರಳಾಡಿಸಿಕೊಂಡು ಹೋಗಬೇಕು ತಾನೇ? ಹಾಗೇ ಹೋದೆ. ಇಸ್ತ್ರಿ ಅಕ್ಕನಿಗೆ ಫೋನು ಹಚ್ಚಿ, ಕಂಪ್ಯೂಟರಿನ ಮುಂದೆಯೇ ಕೂತಿರು ಎಂದು ಹೇಳಿದೆ. ಅವಳ ಕಾರ್ಡಿನಿಂದ ನೇರವಾಗಿ ಅವಳೊಬ್ಬಳಿಗೇ ಒಂದು ಮೇಲ್ ಕಳಿಸಿದೆ. 'ಬಂತು' ಅಂದಳು. ಗುಂಪಿಗೆ ಕಳಿಸಿದೆ. 'ಇಲ್ಲ' ಅಂದಳು. ಇನ್ನೊಮ್ಮೆ ನೇರ, ಬಂತು. ಇನ್ನೊಮ್ಮೆ ಗುಂಪು, ಇಲ್ಲ. ಗುಂಪಿನ ಉಳಿದವರಿಗೆ 'ಪರೀಕ್ಷೆ, ಪರೀಕ್ಷೆ' ಎಂಬ ಮೇಲ್ ಮೇಲಿಂದ ಮೇಲೆ ಹೋಗಿ, ಕತ್ತರಿಗೆ ತಲೆ ಕೆಟ್ಟಿತು ಎಂದು ಮೂವರು ಫೋನು ಮಾಡಿ ವಿಚಾರಿಸಿದರು.

ಮೂರನೇ ದಿನ ಬೇರೆ ಗುಂಪೊಂದನ್ನು ಹೊಸದಾಗಿ ಕಟ್ಟಿದೆ. ಅದರಲ್ಲಿ ಇಬ್ಬರೇ, ನಾನು ಮತ್ತು ಇಸ್ತ್ರಿ ಅಕ್ಕ. ಕಳಿಸಿದೆ. 'ಬಂತು ಕಣೇ' ಎಂದು ಕೂಗಿದಳು, ಫೋನು ಇಲ್ಲದಿದ್ದರೂ ಕೇಳುತ್ತಿತ್ತು. ಅದೇ ಹೆಸರು, ಅದೇ ಕಾರ್ಡು, ಅದೇ ಡಬ್ಬ. ಹೊಸ ಗುಂಪಿನಲ್ಲಿ ಹೋಗುತ್ತದೆ, ಹಳೇ ಗುಂಪಿನಲ್ಲಿ ಹೋಗುವುದಿಲ್ಲ. ಹಾಗಾದರೆ ರೋಗ ಅವಳದ್ದಲ್ಲ, ಕಾರ್ಡಿನದ್ದಲ್ಲ, ಡಬ್ಬದ್ದೂ ಅಲ್ಲ. ಹಳೇ ಗುಂಪಿನದ್ದು.

'ನೀನು ವಿಳಾಸ ಬದಲಾಯಿಸಿದ್ದು ಯಾವಾಗ?' ಎಂದು ಕೇಳಿದೆ. 'ಮೂರು ವಾರ ಆಯಿತು. ಹಳೇದರ ಗುಟ್ಟಿನ ಪದ ಮರೆತುಹೋಯಿತು. ಅದು ಎಲ್ಲೋ ಬಾವಿ ಥರ ತೆರ್ಕೊಂಡು ಬಿದ್ದಿದೆ' ಅಂದಳು. ಕಾರ್ಡಿನಲ್ಲಿ ನಾನು ಹೊಸ ವಿಳಾಸ ಬರೆದಿದ್ದೆ. ನಿನ್ನದನ್ನೂ ಬರೆದಿದ್ದೆ, ನಿನ್ನ ಕಣ್ಣೆದುರೇ, ಒಂದೇ ಬೆರಳಿನಲ್ಲಿ.

ಆಗ ಮೌಸು ಬಿಟ್ಟು ಕೂತೆ ಕಾಜಮ್ಮ. ಗಿಡ್ಡ ತೋಳು ನೆನಪಾಯಿತು.

ನಲವತ್ತು ನಿಲುವಂಗಿ. ದೊಡ್ಡ ಶಸ್ತ್ರಚಿಕಿತ್ಸೆಯ ಡಾಕ್ಟರು ಮೊಣಕೈವರೆಗೂ ಕೈ ಬಿಟ್ಟುಕೊಂಡು, ಬೇಲಿಗೆ ಒಣಹಾಕಿದ ಗೊಂಬೆಯ ಹಾಗೆ ನಮ್ಮ ಬಾಗಿಲಲ್ಲಿ ನಿಂತಿದ್ದರಲ್ಲ, ಆ ದಿನ. ಅಳತೆ ಪುಸ್ತಕದಲ್ಲಿ ತೋಳಿನ ಅಳತೆಯನ್ನು ಉದ್ದ ಮಾಡಿ ತಿದ್ದಿದ್ದರು. ಎಲ್ಲರೂ ಪುಸ್ತಕ ನೋಡಿದರು, ಸರಿ ಇತ್ತು. ಹೊಲಿಗೆ ನೋಡಿದರು, ಸರಿ ಇತ್ತು. ಆದರೂ ತೋಳು ಗಿಡ್ಡ. ಮೇಲ್ವಿಚಾರಕಿ ಬಟ್ಟೆಯನ್ನು ಬೈದಳು, ಒಗೆಯುವವರನ್ನು ಬೈದಳು. ಕೊನೆಗೆ ಗೋಡೆಯ ಮೊಳೆಗೆ ತೂಗಿದ್ದ ಕಾಗದದ ಮಾದರಿಯನ್ನು ಇಳಿಸಿ ಟೇಪು ಹಿಡಿದಾಗ ಗೊತ್ತಾಯಿತು. ಮಾದರಿ ಹಳೇ ಅಳತೆಯದ್ದು. ಪುಸ್ತಕ ತಿದ್ದಿದರೆ ಗೋಡೆಯ ಮೇಲಿನ ಕಾಗದ ತಾನಾಗಿ ಬೆಳೆಯುವುದಿಲ್ಲ. ಅದನ್ನು ಬೇರೆ ಕತ್ತರಿಸಬೇಕು.

ಇಲ್ಲೂ ಅಷ್ಟೇ. ಗುಂಪಿಗೆ ಸೇರಿಸಿದ ದಿನ ಕಾರ್ಡಿನಲ್ಲಿ ಯಾವ ವಿಳಾಸವಿತ್ತೋ ಅದನ್ನು ಈ ಡಬ್ಬ ನಕಲು ಮಾಡಿಕೊಂಡು ತನ್ನ ಗೋಡೆಗೆ ತೂಗುಹಾಕಿಕೊಂಡಿದೆ. ಕಾರ್ಡನ್ನು ನೀನು ನೂರು ಸಲ ತಿದ್ದು, ಗುಂಪಿಗೆ ಅದರ ಗೊಡವೆಯೇ ಇಲ್ಲ. ಗುಂಪಿನಲ್ಲಿ ಹೆಸರು ಮಾತ್ರ ಕಾಣುತ್ತದೆ. ಹೆಸರಿನ ಮೇಲೆ ಮೌಸಿನ ಬಾಣ ಇಟ್ಟು ಉಸಿರು ಬಿಗಿಹಿಡಿದು ಕಾದರೆ, ಅಡಿಯಲ್ಲಿ ಒಂದು ಸಣ್ಣ ಚೀಟಿ ಏಳುತ್ತದೆ, ಅದರಲ್ಲಿ ವಿಳಾಸ. ಏಳನೇ ಸಾಲಿನ ಮೇಲೆ ಇಟ್ಟು ಕಾದೆ. ನಿನ್ನ ಅಳಿಯನ ಅಂಗಡಿಯ ವಿಳಾಸ ಎದ್ದು ಬಂತು. ಆ ಅಂಗಡಿ ಮುಚ್ಚಿಯೇ ವರ್ಷವಾಯಿತಲ್ಲ.

ಮದ್ದು ಸುಲಭ. ಹೆಸರನ್ನು ಗುಂಪಿನಿಂದ ತೆಗೆದು ಕಾರ್ಡಿನಿಂದ ಮತ್ತೆ ಸೇರಿಸುವುದು. ಮೊದಲು ಇಸ್ತ್ರಿ ಅಕ್ಕನ ಮೇಲೆ ಪ್ರಯೋಗ ಮಾಡಿದೆ. ಗುಂಪಿನಿಂದ ತೆಗೆ ಎನ್ನುವುದರ ಬದಲು ಅದರ ಕೆಳಗಿನ ಅಳಿಸು ಎನ್ನುವುದನ್ನು ಒತ್ತಿಬಿಟ್ಟೆ, ಅವಳು ಗುಂಪಿನಿಂದಲೂ ಹೋದಳು, ಪುಸ್ತಕದಿಂದಲೂ ಹೋದಳು. 'ನಿನ್ನ ವಿಳಾಸ ಇನ್ನೊಮ್ಮೆ ಹೇಳು' ಎಂದು ಕೇಳಿದಾಗ ಏನು ಬೈದಳು ಎಂದು ಇಲ್ಲಿ ಬರೆಯಲಾರೆ, ನಿನ್ನ ಮಗಳು ಓದುತ್ತಾಳೆ. ನಿನ್ನ ಸರದಿ ಬಂದಾಗ ಎರಡೂ ಕೈಯಲ್ಲಿ ಮೌಸು ಹಿಡಿದು, ಪ್ರತಿ ಅಕ್ಷರ ಜೋರಾಗಿ ಓದಿ ಒತ್ತಿದೆ. ತೆಗೆದೆ. ಸೇರಿಸಿದೆ. ಬಾಣ ಇಟ್ಟು ಕಾದೆ. ಹೊಸ ವಿಳಾಸ ಬಂತು. ನಿನ್ನೆ ಮಧ್ಯಾಹ್ನ ಮೂರೂಕಾಲಿಗೆ. ಕುರ್ಚಿಯಿಂದ ಎದ್ದು ನಾನೊಬ್ಬಳೇ ಊಟದ ಮೇಜಿನ ಸುತ್ತ ಒಂದು ಸುತ್ತು ಬಂದೆ. ಮಂಡಿ ನೋವೂ ಜೊತೆಯಲ್ಲಿ ಬಂತು, ಬರಲಿ.

ಸಾಯಂಕಾಲ ಸೊಸೆಯನ್ನು ಕೂರಿಸಿ ಎಲ್ಲವನ್ನೂ ತೋರಿಸಿದೆ. ಬಾಯಿ ತೆರೆದುಕೊಂಡು ನೋಡಿದಳು. ಅವಳ ಹಲ್ಲುಗಳೂ ಚೆನ್ನಾಗಿವೆ. 'ಅತ್ತೆ, ಇದು ನಿಮಗೆ ಹೇಗೆ ಹೊಳೀತು?' ಎಂದು ಕೇಳಿದಳು.

ಇಲ್ಲಿ ನಾನು ಒಂದು ಮಾತು ಬರೆಯಬೇಕು. ಪೆನ್ನು ಮುಂದೆ ಹೋಗುತ್ತಿಲ್ಲ, ತಳ್ಳಿಕೊಂಡು ಬರೆಯುತ್ತೇನೆ.

ಗೋಡೆಯಿಂದ ಆ ಮಾದರಿಯನ್ನು ಇಳಿಸಿ ಟೇಪು ಹಿಡಿದವಳು ನೀನು. ಮಾದರಿ ಕತ್ತರಿಸುವ ಕೆಲಸ ನನ್ನದು, ಮರೆತವಳು ನಾನು. ನೀನು ಅದನ್ನು ಮೇಲ್ವಿಚಾರಕಿಯ ಮುಂದೆ ಎತ್ತಿ ಆಡಲಿಲ್ಲ. 'ಕಾಗದ ಹಳೇದಾಗಿದೆ' ಎಂದಷ್ಟೇ ಹೇಳಿ ಹೋಗಿ ನಿನ್ನ ಯಂತ್ರದ ಮುಂದೆ ಕೂತೆ. ಹೋದ ವರ್ಷ ಕೂಟದಲ್ಲಿ, ಹೊಸದಾಗಿ ಬಂದ ಆ ಇಬ್ಬರ ಮುಂದೆ ಗಿಡ್ಡ ತೋಳಿನ ಕಥೆ ಹೇಳುವಾಗ, ಕಂಡುಹಿಡಿದವಳು ನಾನೇ ಎಂದು ಹೇಳಿಬಿಟ್ಟೆ. ಕಥೆ ಜೋರಾಗಿ ಓಡುತ್ತಿತ್ತು, ಎಲ್ಲರೂ ನಗುತ್ತಿದ್ದರು, ಬಾಯಿಗೆ ಬಂತು. ನೀನು ಎದ್ದೆ. ಲೋಟ ತೊಳೆದು ಬೋರಲು ಹಾಕಿ, ಚೀಲ ತೆಗೆದುಕೊಂಡು ಹೋದೆ. ಅದೇ ಕೊನೆ.

ಸೊಸೆಗೆ ನಿಜ ಹೇಳಿದೆ. ಆಮೇಲೆ ಸರಿಮಾಡಿದ ಗುಂಪಿಗೆ ಮೊದಲನೇ ಮೇಲ್ ಕಳಿಸಿದೆ. ಅದರಲ್ಲಿ ಮೂರೇ ಸಾಲು. ಗಿಡ್ಡ ತೋಳಿನ ತಪ್ಪು ಮಾಡಿದವಳು ಕತ್ತರಿ. ಕಂಡುಹಿಡಿದವಳು ಕಾಜಮ್ಮ. ಹೋದ ವರ್ಷ ನಾನು ಹೇಳಿದ್ದು ಸುಳ್ಳು. ಮೂವತ್ತೊಂದು ಮನೆಗೂ ಹೋಯಿತು, ಈ ಸಲ ನಿಜವಾಗಿಯೂ ಮೂವತ್ತೊಂದು. ಹತ್ತು ನಿಮಿಷದಲ್ಲಿ ಇಸ್ತ್ರಿ ಅಕ್ಕನ ಉತ್ತರ ಬಂತು: 'ಇದು ನಮಗೆಲ್ಲ ಆವತ್ತೇ ಗೊತ್ತಿತ್ತು ಕಣೇ. ನೀನು ಯಾವಾಗ ಹೇಳ್ತೀಯ ಅಂತ ಕಾಯ್ತಿದ್ದೆವು.' ಇಂಥವರ ಜೊತೆ ಮೂವತ್ತು ವರ್ಷ ಬಾಳ್ವೆ ಮಾಡಿದ್ದೇವೆ ನೋಡು.

ಮೇಲ್ ನಿನ್ನ ಹತ್ತಿರ ಈಗಾಗಲೇ ಬಂದು ಕೂತಿದೆ. ಆದರೂ ಕಾಗದ ಬರೆದೆ. ಇಷ್ಟೆಲ್ಲ ಆದಮೇಲೆ ಆ ಡಬ್ಬವನ್ನು ಒಂದನ್ನೇ ನಂಬಿ ಕೂರಲು ನನಗೇನು ಹುಚ್ಚಾ? ಫೋನು ಮಾಡಬಹುದಿತ್ತು. ಫೋನಿನಲ್ಲಿ ನಾನು ಕ್ಷಮೆ ಕೇಳಲು ಹೋದರೂ ಅದು ಜಗಳದ ಹಾಗೆ ಕೇಳಿಸುತ್ತದೆ ಎಂದು ಸೊಸೆ ಹೇಳುತ್ತಾಳೆ.

ಶನಿವಾರ, ಹತ್ತು ಗಂಟೆ. ಒಂಬತ್ತೂವರೆಗೇ ಹೋಗಿ ನಿನ್ನ ಯಂತ್ರದ ಮುಂದಿನ ಸ್ಟೂಲಿನ ಮೇಲೆ ನಾನು ಕೂತಿರುತ್ತೇನೆ. ಲಾರಿಯವನು ಬಂದರೆ ನನ್ನನ್ನೂ ಸೇರಿಸಿ ಎತ್ತಬೇಕು, ಅಷ್ಟು ಬಲ ಅವನಿಗಿಲ್ಲ. ನೀನು ಬಂದರೆ ಏಳುತ್ತೇನೆ.

ಮೂಗಿನ ಮೇಲೆ ಸಿಟ್ಟಿದ್ದರೂ ನಿನ್ನವಳೇ ಆದ,
ಕತ್ತರಿ

ಮತ್ತೆ ಒಂದು: ಮೇಲೆ ಬರೆದದ್ದರಲ್ಲಿ ಒಂದು ವಿಷಯ ಬಿಟ್ಟಿದ್ದೇನೆ. ಪ್ರತಿ ತಿಂಗಳು ಕೂಟದ ಮೇಲ್ ಕಳಿಸಿದ ಕೂಡಲೇ ಒಂದು ಮೇಲ್ ನನಗೇ ವಾಪಸು ಬರುತ್ತಿತ್ತು. ನನಗೆ ಬಾರದ ಭಾಷೆ, ನಡುವೆ ನಿನ್ನ ಹೆಸರು, ಕೆಳಗೆ ನಾನು ಬರೆದ ಪತ್ರವೇ. ನೀನು ನೋಡಿ, ಬೇಡ ಎಂದು ಹಿಂದಕ್ಕೆ ಎಸೆಯುತ್ತಿದ್ದೀಯ ಎಂದುಕೊಂಡೆ. ನಾನು ಮಾಡಿದ್ದಕ್ಕೆ ಅದು ಸರಿಯಾದ ಉತ್ತರ ಎಂದೂ ಅನ್ನಿಸಿತ್ತು. ಅದಕ್ಕೇ ಫೋನು ಮಾಡಲಿಲ್ಲ, ಯಾರಿಗೂ ತೋರಿಸಲಿಲ್ಲ. ನಿನ್ನೆ ಸೊಸೆಗೆ ತೋರಿಸಿದೆ. 'ಅತ್ತೆ, ಈ ವಿಳಾಸದಲ್ಲಿ ಯಾರೂ ಇಲ್ಲ ಅಂತ ಬಂದಿರೋ ಚೀಟಿ ಇದು. ಮೊದಲನೇ ತಿಂಗಳೇ ತೋರಿಸಿದ್ದರೆ ಐದು ನಿಮಿಷದ ಕೆಲಸ' ಅಂದಳು. ಪರೀಕ್ಷೆಯವನ್ನು ಲೆಕ್ಕಕ್ಕೆ ಹಿಡಿಯದೆ, ಯಂತ್ರದ ಸುದ್ದಿಯೂ ಸೇರಿ ಹನ್ನೊಂದು ವಾಪಸು ಬಂದಿವೆ. ಒಂದನ್ನೂ ಅಳಿಸಿಲ್ಲ. ಪ್ರತಿ ಸಲವೂ ಇವಳು ಇದನ್ನೂ ಎಸೆಯುತ್ತಾಳೆ ಎಂದುಕೊಂಡೇ ಮುಂದಿನದನ್ನು ಕಳಿಸಿದೆ.

ಹನ್ನೆರಡನೆಯದು ನಿನ್ನೆ ಹೋದದ್ದು. ಬೆಳಿಗ್ಗೆಯಿಂದ ನಾಲ್ಕು ಸಲ ನೋಡಿದೆ. ವಾಪಸು ಬಂದಿಲ್ಲ.