ಗೇಟಿನ ಫ್ಲೆಕ್ಸ್

ಗೌರವಾನ್ವಿತ ಜಗದಾಂಬಾ ಮೇಡಂ ಅವರಿಗೆ,

ನಮಸ್ಕಾರಗಳು.

ಕುಸುಮಾಳ ಜೊತೆಗೇ ಹತ್ತಿರದಲ್ಲಿ ಓದು ಎಂದು ನೀವು ಹೇಳಿದರೂ ನಾನು ಹಟದಿಂದ ಆರಿಸಿಕೊಂಡ ಕೆಂಗೇರಿಯ ಕಾಲೇಜು ನಿಜಕ್ಕೂ ದೊಡ್ಡದು. ಮೊದಲ ಪರೀಕ್ಷೆಯಲ್ಲಿ ಇಲ್ಲಿಯೂ ನಾನೇ ಪ್ರಥಮ. ಗ್ರಂಥಾಲಯವಂತೂ ಅತ್ಯುತ್ತಮ, ಮಧ್ಯಾಹ್ನದ ಊಟವನ್ನೂ ಅದರ ಮೆಟ್ಟಿಲ ಮೇಲೆಯೇ ಮುಗಿಸುತ್ತೇನೆ. "ಅಲ್ಲಿ ನಿನ್ ಡಬ್ಬಿಗೆ ಕೈ ಹಾಕೋರು ಯಾರಿರ್ತಾರೆ ಕಣೇ?" ಎಂದು ಕುಸುಮಾ ಅಂದೇ ಛೇಡಿಸಿದ್ದಳು. ಅವಳಿಗೆ ಹೊಸ ಗೆಳತಿಯರು ಸಿಕ್ಕಿದ್ದಾರೆಂದು ಕೇಳಿದೆ. ಸಂತೋಷ.

ಒಂದು ವಿನಂತಿ. ಕಾಮಾಕ್ಷಿಪಾಳ್ಯದ ನಮ್ಮ ಪಿಯು ಕಾಲೇಜಿನ ಗೇಟಿಗೆ ಕಟ್ಟಿರುವ, ಹೆಚ್ಚು ಅಂಕ ಪಡೆದವರ ಫ್ಲೆಕ್ಸ್ ದಿನವೂ ಬಸ್ಸಿನಿಂದ ಕಾಣುತ್ತದೆ. ಅದರಲ್ಲಿ ನಾನೂ ಕುಸುಮಾಳೂ ಅಕ್ಕಪಕ್ಕದಲ್ಲಿದ್ದೇವೆ. ಹೊಸಬರಿಗಾಗಿ ಅದನ್ನು ಇಳಿಸುವಾಗ ದಯವಿಟ್ಟು ತಿಳಿಸಿ, ಬಂದು ಒಯ್ಯುತ್ತೇನೆ. ನನ್ನ ಭಾವಚಿತ್ರವೊಂದನ್ನೇ ಕತ್ತರಿಸಿ ಇಡಬೇಡಿ.

ನಿಮ್ಮ ವಿದ್ಯಾರ್ಥಿನಿ,
ಶರಣ್ಯಾ