ಶುಕ್ರವಾರದ ಸಾಂಬ್ರಾಣಿ

ನವೆಂಬರ್ 8, ಶುಕ್ರವಾರ
ಹಾಲು, ಟಿಫಿನ್, ಮಗಳು ಶ್ರಾವಣಿಯ ಸ್ಕೂಲ್ ಬಸ್. ಅವಳ ಮುದ್ದಿನ ಕಾಕಟೀಲ್ ಗಿಳಿ ಗುಂಡನ ಪಂಜರ ತೊಳೆದೆ. ಎರಡು ಸಲ ಸೀನಿದ. ಈ ತೆಲುಗು ಸೀಮೆಯ ಪಟಮಟದ ಧೂಳಿಗೆ ನನಗೇ ಶೀತ, ಅಂಗೈಯಗಲದ ಹಕ್ಕಿಗೆ ಬರಲ್ವಾ? ಅಷ್ಟರಲ್ಲಿ ಮನೆ ಓನರ್ ಕೋಟೇಶ್ವರಮ್ಮನವರು ಶುಕ್ರವಾರದ ಸಾಂಬ್ರಾಣಿ ಹಿಡಿದು ಬಂದರು. ಪಂಜರಕ್ಕೆ ಬಟ್ಟೆ ಹೊದಿಸಿ ಒಳಗೂ ಹೊಗೆ ಹಾಕಿದೆ. ಶ್ರಾವಣಿ ಕೂಸಾಗಿದ್ದಾಗ ಎರೆದ ಮೇಲೆ ಹೀಗೇ ತಾನೆ ಮಾಡ್ತಿದ್ದದ್ದು.

ಸಂಜೆ 6
ಬಾಯಿ ತೆರೆದೇ ಉಸಿರಾಡ್ತಿದ್ದಾನೆ. ಉಸಿರಿಗೊಮ್ಮೆ ಬಾಲ ಮೇಲೆ, ಕೆಳಗೆ. ದೇವರೇ...

ನವೆಂಬರ್ 9
ನಿನ್ನೆ ಆಟೋದಲ್ಲಿ ಮೂರು ಕ್ಲಿನಿಕ್. ಎರಡರಲ್ಲಿ ನಾಯಿ, ಬೆಕ್ಕು ಮಾತ್ರ. ಮೂರನೆಯದರಲ್ಲಿ ಡಾಕ್ಟರ್ ಮಾಧವೀಲತಾ ಮುಟ್ಟಲೇ ಇಲ್ಲ — ಮೊದಲು ಆಕ್ಸಿಜನ್ ಪೆಟ್ಟಿಗೆ, ಆಮೇಲೆ ಪರೀಕ್ಷೆ. ಈಗ ಎದೆ ಒತ್ತಿ ಹಿಡಿದರೆ ಉಸಿರು ಕಟ್ಟಿ ಹೋಗಿಬಿಡ್ತಾನಂತೆ. ಮನೆಯಲ್ಲಿ ಹೊಗೆ? ಅಗರಬತ್ತಿ? ಸಾಂಬ್ರಾಣಿ? — ಕೇಳಿದರು. ಪಕ್ಕದಲ್ಲಿ ಶ್ರಾವಣಿ, ಕಣ್ಣೆಲ್ಲ ಕೆಂಪು. "ಲೇದಂಡಿ", ಇಲ್ಲ ಅಂದೆ.
"ಅಮ್ಮಾ, ಪಂಜರ ನನ್ನ ರೂಮಲ್ಲಿಟ್ಟುಕೊಂಡು ರಾತ್ರಿಯೆಲ್ಲ ಫ್ಯಾನ್ ಹಾಕಿಟ್ಟಿದ್ದೆ. ಅದಕ್ಕೇ," ಅಂತ ಅತ್ತಳು. ಸೆರಗಲ್ಲಿ ಅವಳ ಕಣ್ಣೊರೆಸಿದೆ, ಅಷ್ಟೇ. ಥೂ, ನನ್ನ ಜನ್ಮಕ್ಕೆ.

ನವೆಂಬರ್ 12
ಗುಂಡ ಇನ್ನೂ ಆ ಪೆಟ್ಟಿಗೆಯಲ್ಲೇ. ಹೊರಗೆ ತೆಗೆದರೆ ಏದುಸಿರು. ಇನ್‌ಫೆಕ್ಷನ್ ಅಂತ ಔಷಧಿ, ನಾಟುತ್ತಿಲ್ಲ. ವೈಜಾಗ್‌ ಬ್ರಾಂಚಿಗೆ ವರ್ಗವಾಗಿರೋ ನಮ್ಮವರಿಗೆ ಫೋನ್ ಮಾಡಿ ಎಲ್ಲ ಹೇಳಿಕೊಂಡೆ. "ಡಾಕ್ಟರಿಗಾದ್ರೂ ಹೇಳೇ ಮಾರಾಯ್ತಿ. ಮಗಳಿಗೆ ಆಮೇಲೆ." ಸಂಜೆ ಒಬ್ಬಳೇ ಹೋಗಿ ಹೇಳಿದೆ. ಬೈಯಲಿಲ್ಲ. ಔಷಧಿ ಬದಲಿಸಿದರು. ಇನ್ನೊಂದು ಸಲ ಹೊಗೆ ಕುಡಿದರೆ ಉಳಿಯಲ್ಲ ಅಂದರು.

ನವೆಂಬರ್ 15, ಶುಕ್ರವಾರ. ಕಾರ್ತಿಕ ಪೌರ್ಣಮಿ
ಗುಂಡ ನಿನ್ನೆ ಮನೆಗೆ ಬಂದ. ಶ್ರಾವಣಿ ತನ್ನ ರೂಮಿನ ಫ್ಯಾನ್ ಸ್ವಿಚ್‌ಗೆ ಟೇಪ್ ಅಂಟಿಸಿದ್ದಾಳೆ. ಸೆಕೆಯಲ್ಲೇ ಮಲಗಿದಳು. ನೋಡೋಕಾಗಲಿಲ್ಲ. ಆದರೂ ಬಾಯಿ ಬಿಡಲಿಲ್ಲ.
ಸಂಜೆ ಕೋಟೇಶ್ವರಮ್ಮನವರು, ಕೈಯಲ್ಲಿ ಧೂಪ. ಓಡಿ ಹೋಗಿ ಬಾಗಿಲು ಹಾಕಿದೆ — ಅವರ ಮುಖದ ಮೇಲೇ, ಹಬ್ಬದ ದಿನ! "ಏಮಯ್ಯಿಂದಮ್ಮಾ?" ಏನಾಯ್ತಮ್ಮಾ ಅಂತ ಹೊರಗಿಂದ ಅವರು. "ಯಾಕಮ್ಮಾ?" ಅಂತ ಒಳಗಿಂದ ಶ್ರಾವಣಿ. ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಎಲ್ಲ ಹೇಳಿಬಿಟ್ಟೆ. ಹೊಗೆ ಹಾಕಿದ್ದು ನಾನು, ನಿನ್ನ ಫ್ಯಾನ್ ಅಲ್ಲ.
ಅವಳು ಪಂಜರ ಎತ್ತಿಕೊಂಡು ರೂಮಿಗೆ ಹೋಗಿ ಚಿಲಕ ಹಾಕಿದಳು. ಊಟಕ್ಕೂ ಬಂದಿಲ್ಲ.
ಈಗ ಒಳಗೆ ಟೇಪ್ ಕೀಳೋ ಸದ್ದು. ಫ್ಯಾನ್ ಹಾಕಿದಳು. ಬಾಗಿಲು ತಟ್ಟೋಣ ಅಂದರೆ ಧೈರ್ಯ ಸಾಲದು.