ಮೂರನೆಯ ಚೌಕದ ಮಂಟಪ

ಮಂಸಿರ್ ೧೨, ಠಿಮಿ, ನೇಪಾಳ.

ಮೂರನೆಯ ಚೌಕದ ಮಂಟಪವನ್ನು ಇವತ್ತು ಕೆಡವಿದರು. ರಸ್ತೆ ಅಗಲಿಸುವ ಎಂಜಿನಿಯರನ ಬಳಿ ಇದ್ದದ್ದು ನಾನೇ ಬರೆದ ನಕ್ಷೆ. ಊರಿನ ಒಂದೇ ಉದ್ದ ಬೀದಿಗೆ ನಾಲ್ಕು ಚೌಕಗಳು. ಗುಡಿಯಿರುವ ಮೂರನ್ನು ಗುರುತಿಸಿ, ಈ ಮಂಟಪದ ಮೇಲೆ ‘ಖಾಲಿ’ ಎಂದು ಬರೆದಿದ್ದೆ. ಅಳತೆಗೆ ಹೋದದ್ದು ಮಧ್ಯಾಹ್ನ.

“ಮಟಮಟ ಮಧ್ಯಾಹ್ನ ಯಾರು ಭಜನೆ ಮಾಡ್ತಾರೋ?” ಎಂದಳು ಪಕ್ಕದ ಮನೆಯ ಜ್ಞಾನೀಮಾಯಾ ಅಜ್ಜಿ. “ನಿಮ್ಮಪ್ಪ ಇಲ್ಲೇ ಮೂವತ್ತು ವರ್ಷ ಮದ್ದಳೆ ಬಾರಿಸ್ದ. ಮರ್ತೇಬಿಟ್ಯಾ, ಬಾಬು?”

ಮರೆತಿರಲಿಲ್ಲ. ಅಳತೆಪಟ್ಟಿ ಹಿಡಿದಾಗ ನೆನಪಾಗಲಿಲ್ಲ, ಅಷ್ಟೇ.

ಸಂಜೆ ಭಜನೆಯ ಮುದುಕರು ಎಂದಿನಂತೆ ಬಂದರು. ಇಟ್ಟಿಗೆಯ ರಾಶಿಯ ಮುಂದೆ, ರಸ್ತೆಯಲ್ಲೇ ಚಾಪೆ ಹಾಸಿ ಹಾಡಿದರು. ಬೈಕುಗಳು ನಿಂತವು. ತೀರಿಹೋದ ಅಪ್ಪ ಕೂರುತ್ತಿದ್ದ ಜಾಗವನ್ನು ಅಲ್ಲಿಯೂ ಬಿಟ್ಟು ಕೂತಿದ್ದರು. ಅದೊಂದೇ ಖಾಲಿ. ಅದನ್ನು ನಾನು ಯಾವ ನಕ್ಷೆಯಲ್ಲಿ ಗುರುತಿಸಲಿ?